ಹಿಂದಿನ ಸೈಕಲ್ಲಿನ ಸೊಲ್ಲು

ನಾನು ಹಾಡುಗಾರನಲ್ಲ, ಹಾಡನ್ನು ತಿರುಗಿ ಕೊಡುವವ. ಇವೆರಡರ ಅಂತರ ತಿಳಿಯದವರು ನಮ್ಮ ಕಡೆಯ ಭಜನೆ ಕೇಳಿಲ್ಲ ಎಂದೇ ಲೆಕ್ಕ. ಭಾಲ್ಕಿಯ ಸುತ್ತಮುತ್ತ ಭಜನೆಗೆ ಕುಳಿತರೆ ಮುಂದಿನವನೊಬ್ಬ ಸೊಲ್ಲು ಎತ್ತುತ್ತಾನೆ. ಹಿಂದೆ ಕುಳಿತವರು ಅದೇ ಸೊಲ್ಲನ್ನು ಅವನಿಗೆ ತಿರುಗಿ ಕೊಡುತ್ತಾರೆ. ಅದು ತಿರುಗಿ ಬರುವ ತನಕ ಅವನು ಮುಂದಿನದಕ್ಕೆ ಹೋಗುವುದಿಲ್ಲ. ನಾನು ಬುದ್ಧಿ ಬಂದಾಗಿನಿಂದ ಹಿಂದೆ ಕುಳಿತವ. ಅಪ್ಪ ಎತ್ತುತ್ತಿದ್ದ, ಕಾಕಾ ಎತ್ತುತ್ತಿದ್ದ, ನಾನು ತಿರುಗಿಸುತ್ತಿದ್ದೆ. ಒಮ್ಮೆ ಎಲ್ಲರೂ ಹಟ ಹಿಡಿದು ನನ್ನನ್ನು ಮುಂದೆ ಕೂಡಿಸಿದರು. ತಾಳ ಕೈಯಲ್ಲಿ ಹಿಡಿದು ಕಲ್ಲಿನ ಹಾಗೆ ಕುಳಿತೆ. ಅಷ್ಟೊಂದು ಪದ ಬಾಯಿಪಾಠ ಇದ್ದವನಿಗೆ ಒಂದರ ತಲೆಯೂ ಸಿಗಲಿಲ್ಲ. ಯಾರಾದರೂ ಕೊಟ್ಟರೆ ಮಾತ್ರ ನನ್ನ ಬಾಯಿ ತೆರೆಯುತ್ತದೆ. ಇದು ಹಾಡಿಗಷ್ಟೇ ಸೀಮಿತವಾದ ರೋಗವೂ ಅಲ್ಲ ಬಿಡಿ.

ಬೀದರ್ ಇನ್ನೂ ಹೈದರಾಬಾದಿನದೇ ಆಗಿದ್ದಾಗ ನಾನು ಭಾಲ್ಕಿಯ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದೆ. ನನ್ನ ಜೊತೆ ನನ್ನದೇ ವಯಸ್ಸಿನ ಇನ್ನೊಬ್ಬ ಕಂಪೌಂಡರ್ ಇದ್ದ. ಅವನದು ಉದಗೀರ್ ಕಡೆಯ ಹಳ್ಳಿ, ಮನೆಮಾತು ಮರಾಠಿ. ಉದಗೀರ್ ಆಗ ನಮ್ಮ ಜಿಲ್ಲೆಯದೇ ಒಂದು ತಾಲೂಕು. ದನಗಳಿಗೆ ದೊಡ್ಡರೋಗ ಬಂದ ಸುದ್ದಿ ಬಂದರೆ ಇಬ್ಬರೂ ಸೈಕಲ್ಲಿಗೆ ಲಸಿಕೆಯ ಪೆಟ್ಟಿಗೆ ಕಟ್ಟಿಕೊಂಡು ಹೊರಡುತ್ತಿದ್ದೆವು. ಹಳ್ಳಿಯ ದಾರಿ ಎಂದರೆ ಎತ್ತಿನ ಗಾಡಿಯ ಗಾಲಿ ಕೊರೆದ ಎರಡು ಗೆರೆ. ಸೈಕಲ್ಲು ಆ ಗೆರೆಯಲ್ಲೇ ಹೋಗಬೇಕು, ಪಕ್ಕಕ್ಕೆ ಸರಿದರೆ ಕರಿಮಣ್ಣಿನಲ್ಲಿ ಹೂತುಕೊಳ್ಳುತ್ತದೆ. ಹಾಗಾಗಿ ಅವನು ಮುಂದೆ, ನಾನು ಹಿಂದೆ. ಅವನು ಸೊಲ್ಲು ಎತ್ತುತ್ತಿದ್ದ, ನಾನು ಹಿಂದಿನಿಂದ ತಿರುಗಿ ಕೊಡುತ್ತಿದ್ದೆ. ಕನ್ನಡದ ತತ್ವಪದ, ಮರಾಠಿ ಅಭಂಗ, ಹೋಟೆಲಿನಲ್ಲಿ ಕೇಳಿದ ಸಿನಿಮಾ ಹಾಡು, ಯಾವುದಕ್ಕೂ ಭೇದವಿಲ್ಲ. ಸಿನಿಮಾ ಹಾಡನ್ನೂ ಭಜನೆಯ ಹಾಗೆ ಒಂದೊಂದೇ ಸೊಲ್ಲು ಎತ್ತಿ, ತಿರುಗಿಸಿ ಹಾಡುತ್ತಿದ್ದೆವು. ಹೆಣ್ಣುದನಿಯ ಹಾಡಾದರೂ ಬಿಡುತ್ತಿರಲಿಲ್ಲ. ಕೇಳುವವರು ತೊಗರಿ ಹೊಲದ ಹಕ್ಕಿಗಳು ಮಾತ್ರ.

ಅವನದು ಎದೆಯ ಮಟ್ಟದ, ಮೆತ್ತಗಿನ ದನಿ. ದೊಡ್ಡ ಗಾಯಕರ ದನಿಯಲ್ಲ ಎಂದು ನಾನು ತೀರ್ಮಾನಿಸಿದ್ದೆ. ಆದರೆ ನನ್ನ ದನಿಗೆ ಹೇಳಿ ಮಾಡಿಸಿದ ಹಾಗಿತ್ತು. ಊರಿನ ಭಜನೆಯಲ್ಲಿ ಹಿರಿಯರು ಎತ್ತಿದ್ದು ಕೆಲವೊಮ್ಮೆ ನನಗೆ ನಿಲುಕದೆ ಬರಿ ಬಾಯಿ ಆಡಿಸಿ ಮುಗಿಸಿದ್ದುಂಟು. ಅವನ ಹಿಂದೆ ಹಾಗೆ ಒಂದು ಸಲವೂ ಆಗಲಿಲ್ಲ. ದಾರಿ ಏರಿನದಾಗಿರಲಿ, ಏದುಸಿರು ಬರಲಿ, ಅವನು ಕೊಟ್ಟದ್ದು ನನ್ನ ಗಂಟಲಿನಲ್ಲಿ ಸಲೀಸಾಗಿ ಕುಳಿತುಕೊಳ್ಳುತ್ತಿತ್ತು. ನನಗೆ ಮದುವೆಯಾಗಿರಲಿಲ್ಲ, ಅಪ್ಪ ತೀರಿಹೋಗಿದ್ದ. ಸೈಕಲ್ಲಿನ ಮೇಲೆ ಸಿಗುತ್ತಿದ್ದ ಆ ಜೊತೆಯೇ ನನಗಿದ್ದ ಜೊತೆ.

ಆಮೇಲೆ ರಾಜ್ಯಗಳನ್ನು ಭಾಷೆಯ ಮೇಲೆ ಹಂಚಿದರು. ಬೀದರ್, ಭಾಲ್ಕಿ, ಔರಾದ ಮೈಸೂರು ರಾಜ್ಯಕ್ಕೆ ಬಂದವು, ಉದಗೀರ್ ಮುಂಬಯಿ ರಾಜ್ಯಕ್ಕೆ ಹೋಯಿತು. ನಮ್ಮಲ್ಲಿ ಮೈಸೂರನ್ನು ಕಂಡವರು ಯಾರೂ ಇರಲಿಲ್ಲ. ಆದರೂ ಪೇಡೆ ಹಂಚಿದರು, ನಾನೂ ಎರಡು ತಿಂದೆ. ಕನ್ನಡ ನಮ್ಮ ದಫ್ತರಿಗೆ ಬರುತ್ತದೆಂದು ನಿಜಕ್ಕೂ ಖುಷಿಯಾಗಿತ್ತು. ಪೇಡೆಯ ಸಿಹಿ ಬಾಯಲ್ಲಿ ಇರುವಾಗಲೇ ಸಾಹೇಬರು ಒಬ್ಬೊಬ್ಬರನ್ನೇ ಕರೆದು, ಯಾವ ಕಡೆ ಹೋಗುತ್ತೀರಿ ಎಂದು ಕೇಳತೊಡಗಿದರು. ಗೆಳೆಯನ ಹೊಲ, ಹೆಂಡತಿ, ಮಕ್ಕಳು ಎಲ್ಲ ಆ ಕಡೆ. ಅವನು ಆ ಕಡೆಯೇ ಅಂದ. ಬೇಡ ಅನ್ನಲು ನಾನ್ಯಾರು?

ಹೋಗುವ ದಿನ ಸೈಕಲ್ಲಿಗೆ ಹಾಸಿಗೆ ಕಟ್ಟುತ್ತ, "ಮುಖ ಯಾಕ ಸಣ್ಣದ ಮಾಡ್ತಿ? ನನ್ನ ಜಾಗಕ್ಕ ಬಂದು ತನ್ನ ಜಾಗ ಕೊಡಾಂವ ಯಾರರೆ ಅದ್ಲಿ ಬದ್ಲಿಗಿ ಸಿಕ್ಕರ ಹೇಳು, ಬಂದೇ ಬಿಡ್ತೀನಿ. ಮನಿಯವರನೂ ಕರಕೊಂಡ ಬರ್ತೀನಿ," ಅಂದ.

"ಖರೇ ಹೇಳ್ತಿಯೇನು?"

"ನೀ ಹಿಂದ ಇಲ್ದ ನಾ ಹ್ಯಾಂಗ ಹಾಡ್ಲಿ?" ಅಂದ. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ಅವನು ಹೋದ ಮೇಲೆ ದಾರಿಗಳು ಉದ್ದವಾದವು. ಬೀದರಿಗೆ ಲಸಿಕೆ ತರಲು ಹೋಗುವಾಗ, ಔರಾದದ ಹಳ್ಳಿಗಳಿಗೆ ತಿರುಗುವಾಗ ಬಾಯಿ ಮುಚ್ಚಿಕೊಂಡು ಪೆಡಲ್ ತುಳಿಯುತ್ತಿದ್ದೆ. ಹಾಡುತ್ತಾ ಹಾಡುತ್ತಾ ರಾಗ, ನರಳುತ್ತಾ ನರಳುತ್ತಾ ರೋಗ ಅನ್ನುತ್ತಾರೆ. ನನಗೆ ಮೊದಲನೆಯದು ತಪ್ಪಿ ಎರಡನೆಯದು ಶುರುವಾಗಿತ್ತು. ಒಬ್ಬನೇ ಹಾಡಿಕೊಳ್ಳಬಾರದೇ ಎಂದು ನೀವು ಕೇಳಬಹುದು. ಒಬ್ಬನೇ ಊಟ ಮಾಡಬಹುದು, ಒಬ್ಬನೇ ಮಲಗಬಹುದು, ಅದೆಲ್ಲ ನಾನು ಮಾಡುತ್ತಲೇ ಇದ್ದೆ. ಎತ್ತುವವರಿಲ್ಲದೆ ತಿರುಗಿ ಕೊಡುವುದು ಮಾತ್ರ ನನಗೆ ಬರಲಿಲ್ಲ.

ಬೇರೆಯವರ ಹಾಡಿಗೆ ದನಿಗೂಡಿಸುವ ಚಾಳಿ ಆಗ ಹತ್ತಿತು. ನೌಬಾದ ದಾಟಿ ಬೀದರ್ ಸೇರುವಲ್ಲಿ ಒಂದು ಚಹದ ಹೋಟೆಲಿನಲ್ಲಿ ರೇಡಿಯೊ ತಂದಿಟ್ಟಿದ್ದರು. ಅದರ ಹಾಡು ಕಿವಿಗೆ ಬೀಳುತ್ತಲೇ ನಾನು ಶುರು ಮಾಡುತ್ತಿದ್ದೆ. ಹೋಟೆಲು ಹಿಂದೆ ಬಿದ್ದರೆ ಹಾಡೂ ಹಿಂದೆ ಬೀಳುತ್ತಿತ್ತು. ಅದಕ್ಕೆ ಸೈಕಲ್ ತಿರುಗಿಸಿ ಹೋಟೆಲಿನ ಮುಂದೆಯೇ ಸುತ್ತು ಹೊಡೆಯುತ್ತ ಹಾಡು ಮುಗಿಸುತ್ತಿದ್ದೆ. ಒಂದು ದಿನ ಹೋಟೆಲಿನವನು ಗಲ್ಲಾ ಬಿಟ್ಟು ಹೊರಗೆ ಬಂದ.

"ಯಾಕ್ರಿ ಕಂಪೌಂಡರ್ ಸಾಬ್, ಗಾಣದ ಎತ್ತಿನಂಗ ತಿರಗ್ಲಾಕತ್ತೀರಿ? ಒಳಗ ಬಂದು ಕುಂದರ್ರಿ, ಚಾ ಕುಡಕೋತ ಹಾಡ್ರಿ."

ಕುಳಿತು ಹಾಡುವುದು ನನಗೆ ಆಗದು ಎಂದು ಅವನಿಗೆ ಹೇಗೆ ಹೇಳಲಿ? ಭಜನೆಯಲ್ಲಿ ಕುಳಿತೇ ಹಾಡಿದವನಾದರೂ ಸಿನಿಮಾ ಹಾಡಿಗೆ ಕಾಲು ತುಳಿಯದಿದ್ದರೆ ದನಿ ಹೊರಡದು. ಅದಿರಲಿ, ರೇಡಿಯೊ ಮೇಲೂ ನನಗೆ ಸಿಟ್ಟಿತ್ತು. ಅದು ಕಾಯುವುದಿಲ್ಲ. ಒಂದು ಸೊಲ್ಲು ಕೊಟ್ಟು, ತಿರುಗಿ ಬಂತೋ ಇಲ್ಲವೋ ಎಂದು ನೋಡದೆ ಮುಂದೆ ಓಡುತ್ತದೆ. ಎಷ್ಟು ಚಂದ ಹಾಡಿದರೂ ನಾನು ಇದ್ದೇನೆಂದು ಅದಕ್ಕೆ ಗೊತ್ತೇ ಇಲ್ಲ.

ಅದಕ್ಕಿಂತ ಔರಾದದ ದಾರಿಯ ಜನವಾಡದ ಬಾವಿಗಳೇ ಮೇಲು ಎಂದುಕೊಂಡೆ. ಆಗ ನೀರೆತ್ತಲು ಮೋಟ ಹೊಡೆಯುತ್ತಿದ್ದರು. ಎತ್ತುಗಳು ಇಳಿಜಾರಿನಲ್ಲಿ ಇಳಿದರೆ ಹಗ್ಗಕ್ಕೆ ಕಟ್ಟಿದ ಚರ್ಮದ ಚೀಲ ನೀರು ತುಂಬಿಕೊಂಡು ಮೇಲೆ ಬರುತ್ತದೆ, ಎತ್ತುಗಳು ಹಿಂದೆ ಸರಿದರೆ ಚೀಲ ಬಾವಿಗೆ ಇಳಿಯುತ್ತದೆ. ಹೊಡೆಯುವವನು ಹಾಡುತ್ತಲೇ ಹೊಡೆಯುತ್ತಾನೆ. ಒಂದು ಮುಂಜಾನೆ ರಸ್ತೆಯ ಪಕ್ಕದ ಬಾವಿಯಲ್ಲಿ ಒಬ್ಬ ಹಿರಿಯ ರೈತ ಸೊಲ್ಲು ಎತ್ತಿ ನಿಲ್ಲಿಸಿದ. ನಿಲ್ಲಿಸಿದ ಎಂದರೆ ಕಾಯುತ್ತಿದ್ದಾನೆ ಎಂದೇ ನನ್ನ ಕಿವಿಗೆ. ಸೈಕಲ್ಲಿನ ಮೇಲಿಂದಲೇ ಎದೆ ತುಂಬಿ ತಿರುಗಿ ಕೊಟ್ಟೆ. ಕೊಟ್ಟದ್ದೇ ತಡ, ಅರ್ಧ ಇಳಿದಿದ್ದ ಎತ್ತುಗಳು ಗಕ್ಕನೆ ನಿಂತು ಹಿಂದೆ ಸರಿಯತೊಡಗಿದವು. ತುಂಬಿದ ಚೀಲ ಧಡಾರನೆ ಬಾವಿಗೆ ಬಿತ್ತು. ಒಮ್ಮೆ ಹಾಡಿದರೆ ಇಳಿಯಬೇಕು, ಅದನ್ನೇ ಮತ್ತೊಮ್ಮೆ ಹಾಡಿದರೆ ಹಿಂದೆ ಸರಿಯಬೇಕು ಎಂದು ಆ ಎತ್ತುಗಳು ಕಲಿತಿದ್ದವು. ಎರಡನೆಯ ಸಲ ಹಾಡಿದ್ದು ಯಾರು ಎಂದು ಅವು ಯಾಕೆ ನೋಡಬೇಕು?

"ದನದ ದವಾಖಾನ್ಯಾಗ ಇದ್ದು ದನಕ್ಕ ಹಿಂಗ ಮಾಡ್ತಾರೇನ್ರಿ!" ಎಂದು ರೈತ ಬಾರುಕೋಲು ಹಿಡಿದೇ ಬಂದ. ನನ್ನ ಮುಖ ನೋಡಿ ಏನನ್ನಿಸಿತೋ, ಕೋಲು ಕೆಳಗಿಟ್ಟು ಬೆಲ್ಲ, ನೀರು ಕೊಟ್ಟ. "ದನಿ ಬೇಷ್ ಅದ್ರಿ. ಮಂದಿ ಹಾಡು ಯಾಕ ತಿರಗಸ್ತೀರಿ? ನಿಮ್ಮದು ನೀವ್ ಎತ್ರಿ," ಅಂದ.

"ಎತ್ತಾಂವ ಉದಗೀರಕ್ಕ ಹೋಗ್ಯಾನ್ರಿ," ಅಂದೆ. ಅಂದ ಮೇಲೆ ನನಗೇ ನಾಚಿಕೆಯಾಗಿ ಬೆಲ್ಲ ಬಾಯಿಗೆ ಹಾಕಿಕೊಂಡೆ.

ಆ ಚಳಿಗಾಲದಲ್ಲಿ ಎರಡು ಸುದ್ದಿ ಒಟ್ಟಿಗೆ ಬಂದವು. ಔರಾದದ ದನದ ದವಾಖಾನೆಯಲ್ಲಿದ್ದ ಮರಾಠಿ ಕಂಪೌಂಡರ್ ಉದಗೀರ್ ಕಡೆ ಹೋಗಬೇಕೆಂದು ಅದಲುಬದಲಿಗೆ ಜನ ಹುಡುಕುತ್ತಿದ್ದ. ಅದೇ ವಾರ ಬಸ್ಸಿನ ಕಂಡಕ್ಟರನ ಬಾಯಲ್ಲಿ ಗೆಳೆಯ ಹೇಳಿ ಕಳಿಸಿದ, ಊರಲ್ಲಿ ಏಳು ದಿನದ ಭಜನೆ ಇದೆ, ಬಾ ಎಂದು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ನಾನು ಲೆಕ್ಕ ಹಾಕಿದೆ. ಅವನು ಔರಾದಕ್ಕೆ ಬಂದರೆ ಸಾಕು, ರೋಗದ ಕಾಲದಲ್ಲಿ ಒಟ್ಟಿಗೆ ಕಳಿಸೇ ಕಳಿಸುತ್ತಾರೆ. ಬಸ್ಸಿಗೆ ಹೋಗದೆ ಸೈಕಲ್ಲಿನಲ್ಲೇ ಹೊರಟೆ. ಕಮಾಲನಗರ ದಾಟಿದ ಮೇಲೆ ಎಲ್ಲಿ ಮೈಸೂರು ಮುಗಿದು ಎಲ್ಲಿ ಮುಂಬಯಿ ಶುರುವಾಯಿತೋ ತಿಳಿಯಲಿಲ್ಲ. ಎರಡೂ ಕಡೆ ಅದೇ ಜೋಳ, ಅದೇ ಕರಿಮಣ್ಣು. ಆ ದಿನದಷ್ಟು ಹಗುರವಾಗಿ ನಾನು ಎಂದೂ ಸೈಕಲ್ ಹೊಡೆದಿಲ್ಲ.

ಅವನ ಊರು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಗುಡಿಯಲ್ಲಿ ಭಜನೆ ಶುರುವಾಗಿತ್ತು. ಹೊರಗೆ ಚಪ್ಪಲಿ ಬಿಡುವಲ್ಲಿಯೇ ನಿಂತೆ. ಒಳಗಿನಿಂದ ಒಂದು ದನಿ ಬರುತ್ತಿತ್ತು. ಅಂಥ ದನಿಯನ್ನು ನಮ್ಮ ಕಡೆ ನಾನು ಕೇಳಿರಲಿಲ್ಲ. ಮೇಲೆ ಹೋಯಿತು, ಇನ್ನು ಮುಗಿಯಿತು ಅನ್ನುವಾಗ ಮತ್ತೂ ಮೇಲೆ ಹೋಯಿತು, ಅಲ್ಲಿ ಆರಾಮಾಗಿ ನಿಂತಿತು. ಹಿಂದಿನವರೂ ಅಷ್ಟೇ ಎತ್ತರದಲ್ಲಿ ತಿರುಗಿ ಕೊಟ್ಟರು. ನಾನೂ ಬಾಯಿ ತೆರೆದೆ, ಬರಿ ಗಾಳಿ ಬಂತು. ಬಾಗಿಲಲ್ಲಿ ಕುಳಿತಿದ್ದ ಮುದುಕನನ್ನು, "ಯಾವ ಊರಿನವ್ರನ್ನ ಕರಸೀರಿ? ಯಾರ್ರಿ ಎತ್ಲಾಕತ್ತಿದ್ದು?" ಎಂದು ಕೇಳಿದೆ.

ಮುದುಕ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನಮ್ಮ ದನದ ಕಂಪೌಂಡರ್ ರೀ. ಸಣ್ಣಾಂವ ಇದ್ದಾಗಿಂದ ಇಲ್ಲಿ ಅಂವಂದೇ ದನಿ. ನಡುವ ನಾಕ ವರ್ಷ ನೌಕರಿ ಅಂತ ಭಾಲ್ಕಿಗಿ ಹೋಗಿದ್ದ, ಗುಡಿ ಬಣಬಣ ಆಗಿತ್ತು."

ಆ ನಾಲ್ಕು ವರ್ಷ ಮುಂದಿನ ಸೈಕಲ್ಲಿನಿಂದ ಕೇಳಿದ್ದು ಅವನ ದನಿಯಲ್ಲ, ನನ್ನ ಗಂಟಲಿಗೆ ಅಳತೆ ಮಾಡಿ ತಗ್ಗಿಸಿಕೊಂಡ ದನಿ. ನನಗೆ ಹೇಳಿ ಮಾಡಿಸಿದಂತಿತ್ತು ಅಂದೆನಲ್ಲ, ಮಾಡಿಸಿದ್ದೇ ಆಗಿತ್ತು. ಅಳು ಬಂತು. ಅವನ ಪ್ರೀತಿಗೆ ಬಂತೋ, ಹೊಟ್ಟೆಕಿಚ್ಚಿಗೆ ಬಂತೋ, ಎರಡಕ್ಕೂ ಬಂದಿರಬೇಕು.

ಊಟಕ್ಕೆ ಕುಳಿತಾಗ ಅವನ ಹೆಂಡತಿ ಭಾವೋಜಿ ಭಾವೋಜಿ ಎಂದು ರೊಟ್ಟಿಯ ಮೇಲೆ ರೊಟ್ಟಿ ಹಾಕಿದಳು. ಮಕ್ಕಳು ಅಪ್ಪನ ತೊಡೆ ಬಿಟ್ಟು ಏಳಲಿಲ್ಲ. ನಾನು ಕೇಳಿಯೇ ಬಿಟ್ಟೆ.

"ಇಷ್ಟ ಮ್ಯಾಲಿನ ದನಿ ಅದ ನಿಂಗ. ಒಂದಿನಾನೂ ಹೇಳ್ಲಿಲ್ಲಲ್ಲ?"

ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಹೇಳಿದ್ರ ನೀ ಹಾಡ್ತಿದ್ದೇನು?" ಅಂದ.

ಮಾರನೆಯ ಮುಂಜಾನೆ ಊರ ಹೊರಗಿನ ತನಕ ಸೈಕಲ್ಲಿನಲ್ಲಿ ಕಳಿಸಲು ಬಂದ. ದಾರಿ ಕವಲೊಡೆಯುವಲ್ಲಿ ಇಬ್ಬರೂ ಇಳಿದೆವು. "ನಿನ್ನಿ ಬಂದ ಕೂಡ್ಲೆ ಏನೋ ಹೇಳೂದದ ಅಂತಿದ್ದಿ?" ಎಂದು ಕೇಳಿದ. ಔರಾದದ ಮಾತು ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ಅವನು ಬರುತ್ತಿದ್ದ. ನನಗೆ ಅದೇ ಹೆದರಿಕೆ. ಬಂದು ಮತ್ತೆ ಎದೆಯ ಮಟ್ಟಕ್ಕೆ ಇಳಿಯುತ್ತಿದ್ದ, ನಾನು ಹಿಂದೆ ಸುಖವಾಗಿ ತಿರುಗಿಸುತ್ತಿದ್ದೆ, ಈ ಗುಡಿ ಮತ್ತೆ ಬಣಗುಡುತ್ತಿತ್ತು.

"ಏನಿಲ್ಲ, ನಿನ್ನ ನೋಡೂದಿತ್ತು," ಅಂದೆ.

ಅವನು ಗಂಟಲು ಸರಿಮಾಡಿಕೊಂಡ. ಹಳೆಯ ಮಟ್ಟಕ್ಕೆ ಇಳಿಸಿಕೊಳ್ಳುತ್ತಿದ್ದಾನೆಂದು ಈಗ ನನಗೆ ತಿಳಿಯುತ್ತಿತ್ತು. "ಎತ್ತಲೇನು?"

"ಹಂಗ ಬ್ಯಾಡ. ಗುಡ್ಯಾಗ ಹಾಡಿದಂಗ ಹಾಡು."

"ನಿಂಗ ತಿರಗಸ್ಲಾಕ ಆಗಲ್ಲ."

"ಆಗಲ್ಲ ಬಿಡು. ನಾ ಕೇಳಕೋತ ಹೋಗ್ತೀನಿ."

ನಾನು ಸೈಕಲ್ ಹತ್ತಿದೆ. ಹಿಂದಿನಿಂದ ಅವನು ಎತ್ತಿದ, ತನ್ನ ಎತ್ತರದಲ್ಲಿ. ಒಂದು ಸೊಲ್ಲು ಮುಗಿಸಿ ನಿಲ್ಲಿಸಿದ. ನಾನು ತಿರುಗಿ ಕೊಡಲಾರೆನೆಂದು ಗೊತ್ತಿದ್ದೂ, ನಾನು ಕೊಡಲು ಹಿಡಿಯುವಷ್ಟು ಹೊತ್ತು ಕಾದು, ಆಮೇಲೆ ಮುಂದಿನದನ್ನು ಎತ್ತಿದ. ಹಾಗೆಯೇ ಸೊಲ್ಲಿಗೊಮ್ಮೆ ಕಾದ. ಆ ಬಿಡುವಿನಲ್ಲೆಲ್ಲ ನನ್ನ ಸೈಕಲ್ಲಿನ ಸರಪಳಿಯ ಸದ್ದು ಮಾತ್ರ ಕೇಳುತ್ತಿತ್ತು. ಮೇಲಿನ ದನಿ ದೂರ ಬರುತ್ತದೆ. ಜೋಳದ ಹೊಲಗಳನ್ನು ದಾಟಿದರೂ ಬಂತು, ಹಳ್ಳ ದಾಟಿದರೂ ಸಣ್ಣಗೆ ಬಂತು. ಒಂದು ಸಲ ನಿಂತಿತು. ಅದು ಅವನು ನನಗಾಗಿ ಬಿಟ್ಟ ಜಾಗವೋ, ನಾನೇ ದನಿ ಮುಟ್ಟದಷ್ಟು ದೂರ ಬಂದೆನೋ ತಿಳಿಯಲಿಲ್ಲ. ಮುಂದಿನ ಸೊಲ್ಲಿಗೆ ಕಿವಿಗೊಟ್ಟು ಮೆಲ್ಲಗೆ ಪೆಡಲ್ ತುಳಿಯುತ್ತ ಹೋದೆ. ಸೊಲ್ಲು ಬರಲಿಲ್ಲ, ಕಮಾಲನಗರ ಬಂತು.