ಮುಟ್ಟದೆ ನಿಲ್ಲಿಸಿದ ಕಂಡಕ್ಟರ್ ಚಾಚಾ

ಚಾಚಾ ನಿಂತರೆ ಅವರ ಎರಡು ಪಾದಗಳ ನಡುವೆ ಒಂದು ಕೂಸು ಆರಾಮಾಗಿ ಕೂರುವಷ್ಟು ಜಾಗ ಇರುತ್ತಿತ್ತು. ಮೊಣಕಾಲು ತುಸು ಮಡಿಸಿ, ಹೆಬ್ಬೆರಳುಗಳನ್ನು ಹೊರಕ್ಕೆ ತಿರುಗಿಸಿ, ಬಲ ಸೊಂಟವನ್ನು ಬಾಗಿಲ ಚೌಕಟ್ಟಿಗೆ ಆನಿಸಿಕೊಂಡು ನಿಲ್ಲುವರು. ನಮ್ಮ ಓಣಿಯ ನೆಲವೇನೂ ಅಲ್ಲಾಡುತ್ತಿರಲಿಲ್ಲ. ಆದರೆ ಶಹಾಪುರದಿಂದ ಸುರಪುರಕ್ಕೆ, ಸುರಪುರದಿಂದ ಯಾದಗಿರಿಗೆ ಓಡುವ ಬಸ್ಸಿನಲ್ಲಿ ಜೀವಮಾನವೆಲ್ಲ ಟಿಕೆಟ್ ಹರಿದ ಮನುಷ್ಯ ಅವರು. ನಿವೃತ್ತಿಯಾಗಿ ಎಷ್ಟೋ ವರ್ಷವಾಗಿದ್ದರೂ ಕಾಲುಗಳಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ಅವರ ಮನೆ ನಮ್ಮ ಮನೆಯ ಎದುರಿಗೇ. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಮಗಳನ್ನು ಸುರಪುರಕ್ಕೆ ಕೊಟ್ಟಿದ್ದರು. ಊಟಕ್ಕೂ ನಮಾಜಿಗೂ ಬಿಟ್ಟರೆ ಅವರು ಕುಳಿತದ್ದನ್ನು ನಾನು ಕಂಡದ್ದು ಕಡಿಮೆ. ಚಹಾ ಕೂಡ ನಿಂತೇ ಕುಡಿಯುವರು. ಒಮ್ಮೆ ಮೊಣಕಾಲು ನೋವೆಂದು ಯಾದಗಿರಿಯ ಆಸ್ಪತ್ರೆಗೆ ಹೋದಾಗ ಅಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿಯೊಬ್ಬಳು, ವಯಸ್ಸಾದವರು ಬೀಳದಂತೆ ಇರಬೇಕಾದರೆ ಸಮತೋಲನವನ್ನು ದಿನಾ ರೂಢಿ ಮಾಡಬೇಕು ಎಂದು ಹೇಳಿ ಕಳಿಸಿದ್ದಳು. ಅಂದಿನಿಂದ ಬೆಳಿಗ್ಗೆ ಅಂಗಳದಲ್ಲಿ ಗೋಡೆಯ ಪಕ್ಕ ಒಂಟಿ ಕಾಲಲ್ಲಿ ನಿಲ್ಲುವುದು ಅವರಿಗೆ ಡ್ಯೂಟಿಯಾಯಿತು. ನೆಲಕ್ಕೆ ಹಾಸಿದ ಪರಸಿ ಕಲ್ಲುಗಳ ನಡುವಿನ ಸಂದು ಹಿಡಿದು, ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ಆ ತುದಿಗೆ ಹೋಗಿ ಈ ತುದಿಗೆ ಬರುವರು. ಶಾಲೆಗೆ ಹೋಗುವ ಮಕ್ಕಳು "ಕೊಕ್ಕರಿ ಚಾಚಾ" ಎಂದು ಕೂಗಿದರೆ, "ಹೌದ್ರೋ, ಒಂದೂ ಮೀನ ಸಿಗವಲ್ದು" ಎನ್ನುತ್ತ ಕಾಲು ಬದಲಿಸುವರು.

ನಾನೂ ನಗುತ್ತಿದ್ದೆ. ನಗುವಷ್ಟು ಸುಖ ಆಗ ನನಗಿತ್ತು. ಆಮೇಲೆ ನಾಗರ ಪಂಚಮಿಯ ಹಿಂದಿನ ದಿನ ಎಣ್ಣೆ ಹಚ್ಚಿಕೊಂಡು ನೀರು ಹಾಕಿಕೊಳ್ಳಲು ಹೋದ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ನಮ್ಮ ಕಡೆಯ ಬಚ್ಚಲೆಂದರೆ ಕಾಲು ತಿಕ್ಕಿ ತಿಕ್ಕಿ ಗಾಜಿನಂತಾದ ಶಹಾಬಾದ ಕಲ್ಲು. ಸೊಂಟದ ಕೀಲು ಮುರಿದಿತ್ತು. ಕಲಬುರಗಿಯಲ್ಲಿ ಆಪರೇಷನ್ ಆಯಿತು. ಎಲುಬು ಕೂಡಿತು, ಗಾಯ ಮಾಯಿತು, ನಡೆಸಿರಿ ಎಂದು ಡಾಕ್ಟರು ಹೇಳಿ ಕಳಿಸಿದರು. ಅವ್ವ ನಡೆಯಲಿಲ್ಲ.

ಹೆದರಿಕೆ. ಅದೊಂದೇ. ವಾಕರ್ ಮುಂದಿಟ್ಟರೆ ಅದನ್ನು ಹಾವಿನಂತೆ ನೋಡುವಳು. ನನ್ನ ಗಂಡ ಕಡೇಚೂರಿನ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತ ಅಲ್ಲಿಯೇ ಕೋಣೆ ಹಿಡಿದಿದ್ದರು. ರಜೆಗೆ ಬರುವರು. ನಾನು ದಿನಾ ಶಹಾಪುರದಿಂದ ಯಾದಗಿರಿಯ ಆಫೀಸಿಗೆ ಬಸ್ಸಿನಲ್ಲಿ ಓಡಾಡುವವಳು. ಬೆಳಿಗ್ಗೆ ಅವ್ವನ ಕಂಕುಳಿಗೆ ಕೈ ಹಾಕಿ ಎತ್ತುವುದು, ಬಚ್ಚಲಿಗೆ ನಡೆಸುವುದು ಅಂದರೆ ಎಳೆಯುವುದು, ಅಲ್ಲಿ ಕುರ್ಚಿಯ ಮೇಲೆ ಕೂರಿಸಿ, ಸೀರೆ ಹಿಡಿದು, ಅರ್ಧ ತೆರೆದ ಬಾಗಿಲ ಹತ್ತಿರ ಮುಖ ತಿರುಗಿಸಿ ನಿಲ್ಲುವುದು. ತಿರುಗಿ ಎತ್ತುವುದು. ನನ್ನ ನಡುವೂ ಐವತ್ತು ದಾಟಿದ ನಡುವೇ. ಬಸ್ಸಿನಲ್ಲಿ ಸೀಟು ಸಿಕ್ಕರೆ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚುತ್ತಿದ್ದೆ, ಆದರೆ ಅದು ನಿದ್ದೆಯಿಂದ ಹೋಗುವಂಥ ದಣಿವಾಗಿರಲಿಲ್ಲ.

ಅವ್ವ ನೀರು ಕುಡಿಯುವುದನ್ನು ಬಿಟ್ಟಳು. ಇಟ್ಟ ತಂಬಿಗೆ ಇಟ್ಟಲ್ಲೇ ಇರುತ್ತಿತ್ತು. ಗದರಿಸಿ ಕೇಳಿದಾಗ ಗೋಡೆಯ ಕಡೆ ಮುಖ ಮಾಡಿ ಹೇಳಿದಳು: "ನೀರ ಕುಡದ್ರ ಹೋಗಬೇಕಾಗ್ತದ. ನೀ ಬಾಗಲಾಗ ನಿಂತಿರ್ತಿ. ಬಾಗಲ ಮುಚ್ಚಿಕೊಂಡು ಒಮ್ಮೆ ಹೋಗಿ ಬಂದ್ರ ಸಾಕವ್ವ ನನಗ."

ಅವಳಿಗೆ ಬೇಕಾದದ್ದು ಅಷ್ಟೇ. ಮದುವೆ ಮುಂಜಿಗೆ ಹೋಗುವುದು ಬೇಡ, ಅಬ್ಬೆತುಮಕೂರಿನ ಮಠಕ್ಕೆ ಹೋಗುವುದು ಬೇಡ, ತನ್ನ ಮಗಳು ಹೊರಗೆ ನಿಂತಿರುವಾಗ ಒಂದು ಬಾಗಿಲು ಮುಚ್ಚಿರಬೇಕು. ಆ ಮಾತು ಕೇಳಿದ ದಿನ ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ.

ಇದನ್ನು ಚಾಚಾರಿಗೆ ಹೇಗೆ ಹೇಳಿದೆನೋ ನೆನಪಿಲ್ಲ, ಹೇಳಿದೆ. ಮರುದಿನ ಚಹಾದ ಹೊತ್ತಿಗೆ ಬಂದರು. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ಅವ್ವನ ಕುರ್ಚಿಯಿಂದ ಒಂದು ತೋಳಿನಷ್ಟು ದೂರದಲ್ಲಿ ತಮ್ಮ ಕಾಲು ಅಗಲಿಸಿ ನಿಂತರು. "ಅಕ್ಕಾರ, ಗಾಡಿ ಹೊರಡ್ತದ. ಏಳ್ರಿ."

"ನನ್ನ ಸ್ಟಾಪ್ ಬಂದು ಹೋಗ್ಯಾದ ಭಾಯಿ. ಬಿಡ್ರಿ."

"ಎಲ್ಲಿ ಹೋಗ್ಯಾದ್ರಿ? ಇಳಿಯೋರು ಹಿಂಗ ಹಿಂದಕ ಒರಗಿ ಕೂಡ್ತಾರೇನು? ಸೀಟಿನ ತುದೀಗಿ ಬರ್ರಿ. ಪಾದ ಹಿಂದಕ ತಗೋರಿ. ಮೂಗು ಮುಂದ ಬರ್ಲಿ, ಆಮ್ಯಾಲ ಎದಿ, ಆಮ್ಯಾಲ ನೀವು."

ಅವ್ವ ತುದಿಗೆ ಬಂದಳು. ನಾನು ಅಭ್ಯಾಸದಂತೆ ಕಂಕುಳಿಗೆ ಕೈ ಹಾಕಲು ಬಾಗಿದೆ. "ನೀ ದೂರ ಸರಿ ಬೇಟಿ" ಎಂದರು ಚಾಚಾ. ಅವತ್ತು ಅವ್ವ ಏಳಲಿಲ್ಲ. ಮರುದಿನವೂ ಏಳಲಿಲ್ಲ. ಒಂದು ಬೆಳಿಗ್ಗೆ ಕುರ್ಚಿಯ ಕೈಗಳನ್ನು ಒತ್ತಿ ಎದ್ದು, ಇನ್ನೂ ಮುಖ ಎತ್ತುವಷ್ಟರಲ್ಲಿ ದೊಪ್ಪನೆ ಕುಳಿತು, ತಾನೇ ನಕ್ಕಳು. ಅವಳ ನಗು ಕೇಳಿ ಎಷ್ಟು ದಿನವಾಗಿತ್ತೋ.

ಚಾಚಾ ಅವ್ವನನ್ನು ಒಮ್ಮೆಯೂ ಮುಟ್ಟಲಿಲ್ಲ. ಅದು ಅವರ ಕಂಡಕ್ಟರ್ ಕಾಲದ ರೀತಿ. ತುಂಬಿದ ಬಸ್ಸಿನಲ್ಲಿ ಹೆಣ್ಣುಮಕ್ಕಳು ತೂಗಾಡಿದರೆ ಕೈ ಚಾಚುವವರಲ್ಲ, "ರಾಡ್ ಹಿಡ್ಕೋರಿ ಅಮ್ಮಾರ, ತಿರುವು ಬಂತು" ಎಂದು ಮೊದಲೇ ಕೂಗುವವರು. ಹಾಗೆಯೇ ಅವ್ವನಿಗೂ ಮಾತಿನಲ್ಲೇ ಎಲ್ಲ. ಈಗ ಭಾರ ಎಡಕ್ಕೆ, ಈಗ ಬಲಕ್ಕೆ, ಈಗ ಹಿಮ್ಮಡಿ ಎತ್ತಿ, ಈಗ ಒಂದು ಕೈ ಬಿಟ್ಟು ಬರೀ ಬೆರಳು ತಾಗಿಸಿ. ಬೀಳುವಂತಾದರೆ ಹಿಡಿಯಲು ನಾನು ಹಿಂದೆ ಇರಬೇಕು, ಆದರೆ ನನ್ನ ಕೈ ಅವಳಿಗೆ ತಾಗಿರಬಾರದು. ಹಾಗೆ ನಿಲ್ಲುವುದು ಎತ್ತುವುದಕ್ಕಿಂತ ಕಷ್ಟವಾಗಿತ್ತು. ಎತ್ತಿದರೆ ಕೆಲಸ ಬೇಗ ಮುಗಿಯುತ್ತಿತ್ತು, ಬಸ್ಸು ಸಿಗುತ್ತಿತ್ತು. ಸಿಡಿಮಿಡಿಗೊಂಡು ಚಾಚಾರ ಮೇಲೆ ಒಮ್ಮೆ ಹರಿಹಾಯ್ದೆ ಕೂಡ. ಅವರು ಚಹಾದ ಬಟ್ಟಲು ಕೆಳಗಿಟ್ಟು, "ನಿನಗ ದಣಿವಾಗ್ಯಾದ. ನನಗ ಕಾಣ್ತದ. ಅದಕ ಈಕಿ ಏಳಬೇಕು" ಎಂದಷ್ಟೇ ಹೇಳಿದರು. ಅಷ್ಟು ತಿಂಗಳಲ್ಲಿ ನನಗೆ ದಣಿವಾಗಿದೆ ಎಂದು ಹೇಳಿದವರು ಅವರೊಬ್ಬರೇ.

ದೊಡ್ಡ ತೊಡಕು ಬಂದದ್ದು ನಮ್ಮ ಬೀಗರು ಬಿಜ್ಜರಿಂದ. ನಮ್ಮ ಕಡೆ ಮೈಗೆ ಆರಾಮಿಲ್ಲದವರನ್ನು ಮಾತಾಡಿಸಲು ಬಂದವರು ಸುಮ್ಮನೆ ಕೂತು ಹೋಗುವುದಿಲ್ಲ. ಹಿಡಿದೆಬ್ಬಿಸಬೇಕು, ಹಿಡಿದು ಕೂರಿಸಬೇಕು, ಲೋಟ ಬಾಯಿಗೆ ಹಿಡಿಯಬೇಕು. ಇಲ್ಲದಿದ್ದರೆ ಬಂದದ್ದು ಲೆಕ್ಕಕ್ಕಿಲ್ಲ. ಹತ್ತಿಕುಣಿಯಿಂದ ಬಂದ ನನ್ನ ಸೋದರಮಾವ, ಅಕ್ಕ ಏಳಲು ತಿಣುಕುತ್ತಿರುವುದನ್ನು ನೋಡಿದವರೇ ಎರಡೂ ರಟ್ಟೆ ಹಿಡಿದು ಎತ್ತಿಬಿಟ್ಟರು. ಅವ್ವನ ಪಾದ ನೆಲ ಬಿಟ್ಟಿತು. ಬಾಗಿಲಲ್ಲಿ ನಿಂತಿದ್ದ ಚಾಚಾ ಗುಡುಗಿದರು: "ಎತ್ತಬ್ಯಾಡ್ರೀ!"

ಮಾವನಿಗೆ ಕೆಟ್ಟೆನಿಸಿತು. "ಹೊರಗಿನವ್ರು ನೀವು. ನಮ್ಮ ಅಕ್ಕಗ ನಾವು ಹಿಡೀಬಾರದೇನ್ರಿ?"

ಚಾಚಾರ ಮುಖ ಸಣ್ಣದಾಯಿತು. ಆದರೂ ಜಾಗ ಬಿಡಲಿಲ್ಲ. "ನಿಮ್ಮ ಅಕ್ಕಾರೇ ಹೌದ್ರಿ. ತೋಳ ಕೊಡ್ರಿ, ಅವರು ನಿಮ್ಮನ್ನ ಹಿಡ್ಕೊಳ್ಳಿ. ನೀವು ಅವರನ್ನ ಹಿಡೀಬ್ಯಾಡ್ರಿ. ನೀವು ಹಿಡದ್ರ ಆ ಕಾಲಿಗೆ ಕೆಲಸ ಏನದ?"

ಆಗ ಅವ್ವ ತಮ್ಮನ ಕೈಗಳಿಂದ ಬಿಡಿಸಿಕೊಂಡು, "ಭಾಯಿ ಹೇಳಿದ್ದು ಖರೆ ಅದ. ತೋಳ ತಾ" ಎಂದಳು. ಮಾವ ಬಿಗಿದುಕೊಂಡೇ ತೋಳು ಚಾಚಿದರು. ಅವ್ವ ಆ ತೋಳಿಗೆ ಬೆರಳು ತಾಗಿಸಿಕೊಂಡು ಬಚ್ಚಲ ಬಾಗಿಲವರೆಗೆ ನಡೆದಳು. ನಡೆಯುವಾಗ ಮೈ ಒಮ್ಮೆ ಜೋರಾಗಿ ವಾಲಿತು. ನಾನು ಹಾರಿ ಹಿಡಿಯಲು ಹೋದರೆ ಚಾಚಾ ತಡೆದರು. "ಅಲುಗ್ಯಾಡ್ಲಿ ಬೇಟಿ. ಅಲುಗ್ಯಾಡೋದಂದ್ರನ ನಿಂದ್ರೋದು. ಓಡೋ ಗಾಡ್ಯಾಗ ಸೆಟದು ನಿಂತಾವ ಮೊದಲ ಬೀಳ್ತಾನ." ಅವ್ವ ವಾಲಿದಳು, ತಡವರಿಸಿದಳು, ಬೀಳಲಿಲ್ಲ. ಮಾವ ಊಟ ಮುಗಿಸಿ ಹೊರಡುವಾಗ ಚಾಚಾರ ಕೈ ಹಿಡಿದು ಮಾತಾಡಿ ಹೋದರು.

ಬಚ್ಚಲ ಗೋಡೆಗೆ ಸ್ಟೀಲ್ ಪೈಪು ಬಡಿಸಿದ್ದೂ, ಜಾರುವ ಕಲ್ಲನ್ನು ಟಾಕಿ ಹೊಡೆಸಿ ಒರಟು ಮಾಡಿಸಿದ್ದೂ ಚಾಚಾ. ಬಾಗಿಲಿನ ವಿಷಯದಲ್ಲಿ ನನಗೂ ಅವ್ವನಿಗೂ ಜಗಳವಾದಾಗ ತೀರ್ಪು ಕೊಟ್ಟವರೂ ಅವರೇ: ಬಾಗಿಲು ಪೂರ್ತಿ ಮುಚ್ಚಬಹುದು, ಒಳಗಿನಿಂದ ಚಿಲಕ ಹಾಕುವಂತಿಲ್ಲ. ಇಬ್ಬರೂ ಒಪ್ಪಿದೆವು. ಆದರೆ ಅಲ್ಲಿಗೆ ತಲುಪಲು ಇನ್ನೂ ದಾರಿ ಇತ್ತು. ಪೈಪು ಹಿಡಿದು ತಿರುಗಿ ಕೂರುವುದು, ತಿರುಗುವಾಗ ಸೀರೆ ಸರಿಮಾಡಿಕೊಳ್ಳುವುದು, ಎರಡೂ ಒಟ್ಟಿಗೆ ಅವ್ವನಿಗೆ ಆಗುತ್ತಿರಲಿಲ್ಲ. ಬಾಗಿಲು ಅರ್ಧ ತೆರೆದೇ ಇತ್ತು, ನಾನು ನಿಂತೇ ಇದ್ದೆ.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಚಾಚಾ ಎಂದಿನಂತೆ ಒಳಗೆ ಬಂದರು. ಅವ್ವ ಅವರ ಕಾಲಿನ ಕಡೆ ನೋಡಿದಳು. ನಾನೂ ನೋಡಿದೆ. ಒಂದು ಚಪ್ಪಲಿ ಹೊಸ್ತಿಲ ಹೊರಗಿತ್ತು. ಇನ್ನೊಂದು ಅವರ ಕಾಲಲ್ಲೇ ಇತ್ತು. ಎಷ್ಟೋ ವರ್ಷದಿಂದ ನಮ್ಮ ಮನೆಗೆ ಬರುವ ಮನುಷ್ಯ, ಚಪ್ಪಲಿ ಕಾಲಲ್ಲಿ ಒಮ್ಮೆಯೂ ಹೊಸ್ತಿಲು ದಾಟಿದವರಲ್ಲ.

"ಭಾಯಿ," ಎಂದಳು ಅವ್ವ ಮೆಲ್ಲಗೆ, "ಕಾಲಾಗ ಚಪ್ಪಲಿ ಅದ."

ಚಾಚಾ ಬಗ್ಗಿ ನೋಡಿದರು. ಆಮೇಲೆ ಜೀವನದಲ್ಲಿ ಮೊದಲ ಸಲ ನಮ್ಮ ಮನೆಯಲ್ಲಿ ಕೇಳದೆಯೇ ಕುರ್ಚಿ ಎಳೆದುಕೊಂಡು ಕುಳಿತರು. "ಸಕ್ಕರಿ ಬ್ಯಾನಿ ನೋಡ್ರಿ ಅಕ್ಕಾರ. ಅಂಗಾಲಿಗಿ ಏನೂ ಗೊತ್ತಾಗವಲ್ದು. ಚಪ್ಪಲಿ ಅದನೋ ಇಲ್ಲೋ, ಕಲ್ಲ ಅದನೋ ನೆಲ ಅದನೋ. ಒಂಟಿಗಾಲಲೆ ನಿಂದ್ರಾಕತ್ತಿದ್ದು ಸೋಕಿಗಿ ಅಲ್ರಿ. ಎಷ್ಟು ಉಳದದ ಅಂತ ದಿನಾ ನೋಡಾಕತ್ತಿದ್ದೆ."

ಅಲ್ಲಿಯವರೆಗೆ ಅವರು ಯಾರಿಗೂ ಹೇಳಿರಲಿಲ್ಲ. ಮಗಳಿಗೆ ಕೂಡ. ಚಪ್ಪಲಿ ಹೊರಗಿಡಲು ನಾನು ಬಗ್ಗಿದರೆ ನಾಚಿಕೊಂಡು ಕಾಲು ಹಿಂದಕ್ಕೆಳೆದರು. ಅವ್ವ ಮಾತ್ರ ಸಮಾಧಾನದ ಮಾತು ಆಡಲಿಲ್ಲ. ತನ್ನ ವಾಕರನ್ನು ಅವರ ಕಡೆ ತಳ್ಳಿ, "ಇದನ್ನ ಇಟ್ಗೋರಿ. ನನಗ ಪೈಪು ಸಾಕು" ಎಂದಳು. ಚಾಚಾ ಮೊದಲು ಒಲ್ಲೆ ಎಂದರು. ಮರುದಿನ ಅದನ್ನು ಹಿಡಿದೇ ಓಣಿ ದಾಟಿ ಬಂದರು. ಆ ಮೇಲೆ ನಮ್ಮ ಪಡಸಾಲೆಯಲ್ಲಿ ಇಬ್ಬರದೂ ಒಟ್ಟಿಗೆ ನಡೆಯಿತು. ಗೋಡೆ ಹಿಡಿದು ಭಾರ ಎಡಕ್ಕೆ, ಭಾರ ಬಲಕ್ಕೆ. ಚಾಚಾರಿಗೆ ಪಾದ ಕಾಣಬೇಕಿತ್ತು, ಆದ್ದರಿಂದ ಕಣ್ಣು ಸದಾ ಕೆಳಗೆ. ಅವ್ವನಿಗೆ ಕೆಳಗೆ ನೋಡಿದರೆ ತಲೆ ತಿರುಗುತ್ತಿತ್ತು, ಆದ್ದರಿಂದ ಕಣ್ಣು ಸದಾ ಎದುರಿಗೆ. ಒಬ್ಬರ ಕಾಲನ್ನು ಒಬ್ಬರು ಬೈಯುತ್ತ ನಗುತ್ತಿದ್ದರು. ನಾನು ರೊಟ್ಟಿ ಬಡಿಯುತ್ತ ಕೇಳುತ್ತಿದ್ದೆ.

ಕಾಲಿನ ಬೆರಳ ಸಂದಿಯಲ್ಲಿ ಹುಣ್ಣಾಗಿದ್ದು ಅವರಿಗೆ ಗೊತ್ತಾಗಲೇ ಇಲ್ಲ. ಗೊತ್ತಾಗುವ ಹೊತ್ತಿಗೆ ಪಾದ ಬಾತಿತ್ತು. ಮಗಳು ಅಳಿಯ ಬಂದು ಕಲಬುರಗಿಗೆ ಕರೆದೊಯ್ದರು. ಹೋಗುವಾಗ ಅವ್ವನಿಗೆ, "ನಾ ಬರೂ ತನಕ ನಿಂದ್ರಿಸಬ್ಯಾಡ್ರಿ ಗಾಡಿ" ಎಂದು ಹೇಳಿ ಜೀಪು ಹತ್ತಿದರು. ಆಸ್ಪತ್ರೆಯಿಂದ ಫೋನು ಮಾಡಿದಾಗೆಲ್ಲ ತಮ್ಮ ಕಾಲಿನ ಸುದ್ದಿ ಹೇಳುತ್ತಿರಲಿಲ್ಲ. "ಬಾಗಲ ಮುಚ್ಚಿದ್ರೇನು?" ಎಂದು ಕೇಳುವರು. ಇಲ್ಲ ಚಾಚಾ, ಇನ್ನೂ ಇಲ್ಲ ಎನ್ನುತ್ತಿದ್ದೆ.

ಒಂದು ಬೆಳಿಗ್ಗೆ ನಾನು ಡಬ್ಬಿ ಕಟ್ಟುತ್ತಿದ್ದಾಗ ಅವ್ವನ ಕುರ್ಚಿ ಖಾಲಿ ಇತ್ತು. ಓಡಿಹೋಗಿ ನೋಡಿದರೆ ಬಚ್ಚಲ ಬಾಗಿಲು ಮುಚ್ಚಿತ್ತು. ಒಳಗೆ ನೀರು ಸುರಿಯುವ ಸದ್ದು. "ಅವ್ವಾ" ಎಂದರೆ, "ಅದೀನಿ, ಅತ್ತಾಗ ಹೋಗ" ಎಂದು ರೇಗಿದಳು. ನಾನು ಅಲ್ಲಿಯೇ ನಿಂತು ಚಾಚಾರಿಗೆ ಫೋನು ಮಾಡಿದೆ. ಮಗಳು ಎತ್ತಿ ಅವರ ಕಿವಿಗೆ ಹಿಡಿದಳು. ದನಿ ಬಹಳ ಸೋತಿತ್ತು. ಹೇಳಿದ್ದು ಕೇಳಿ, "ಹಂಗಾದ್ರ ನೀ ಯಾಕ ಬಾಗಲ ಮುಂದ ನಿಂತಿದಿ? ಹೋಗು ಬೇಟಿ, ಕೂತು ಚಾ ಕುಡಿ" ಎಂದರು.

ನಾನು ಹೋಗಿ ಕೂತು ಚಹಾ ಕುಡಿದೆ. ಅವತ್ತು ಬಸ್ಸು ತಪ್ಪಿತು, ಆಫೀಸಿನಲ್ಲಿ ಮಾತು ಕೇಳಬೇಕಾಯಿತು. ಇರಲಿ. ಅಷ್ಟು ದಿನದ ಮೇಲೆ ಬೆಳಗಿನ ಚಹಾ ಬಿಸಿಯಾಗಿ ಕುಡಿದದ್ದು ಅವತ್ತು.

ಚಾಚಾ ತಿರುಗಿ ಬರಲಿಲ್ಲ. ನಂಜು ಮೈಗೆಲ್ಲ ಏರಿ ಅಲ್ಲಿಯೇ ತೀರಿಕೊಂಡರು. ಅವರನ್ನು ಸುರಪುರಕ್ಕೆ ಒಯ್ಯುತ್ತಿದ್ದೇವೆ ಎಂದು ಮಗಳು ಬೆಳಿಗ್ಗೆ ಅಳುತ್ತ ಫೋನು ಮಾಡಿದಾಗ ಅವ್ವ ಬಚ್ಚಲಲ್ಲಿದ್ದಳು. ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಅಲ್ಲಿ, ಒದ್ದೆ ನೆಲದ ಮೇಲೆ, ಅವಳು ಇದನ್ನು ಕೇಳಬಾರದಿತ್ತು. ಬಾಗಿಲು ತೆರೆಯಿತು. ಅವ್ವ ಗೋಡೆಗೆ ಬೆರಳು ತಾಗಿಸುತ್ತ, ವಾಲುತ್ತ, ತನ್ನ ಪಾಡಿಗೆ ತಾನು ಪಡಸಾಲೆಗೆ ಬಂದು ತಿರುಗಿ ಕುರ್ಚಿಯಲ್ಲಿ ಕುಳಿತಳು. ಆಮೇಲೆ ಹೇಳಿದೆ.

ಅವ್ವ ಅಳಲಿಲ್ಲ. ಕುರ್ಚಿಯ ತುದಿಗೆ ಸರಿದಳು, ಪಾದ ಹಿಂದಕ್ಕೆ ತೆಗೆದುಕೊಂಡಳು, ಯಾವುದನ್ನೂ ಹಿಡಿಯದೆ ಎದ್ದು, ಸೆರಗು ತಲೆಯ ಮೇಲೆ ಹೊದ್ದು, ಎದುರು ಮನೆಯ ಕಡೆಗೆ ಕೈ ಮುಗಿದು ನಿಂತಳು. ಮೈ ಅಲುಗಾಡುತ್ತಿತ್ತು. ನಾನು ಪಕ್ಕದಲ್ಲೇ ಇದ್ದೆ, ಹಿಡಿಯಲು ಹೋಗಲಿಲ್ಲ.