ನೀಲವ್ವತ್ತೆ ಮತ್ತು ಕಾರಿನ ಎವರೇಜು

ನಮ್ಮ ಅತ್ತೆ ನೀಲವ್ವ ಕಾರಿನಲ್ಲಿ ಕೂಡುವ ಮುಂಚೆ ಚಪ್ಪಲಿಯನ್ನು ಹೊರಗೇ ಬಿಡುತ್ತಿದ್ದರು. ಬರಿಗಾಲಲ್ಲಿ ಒತ್ತಿದರಷ್ಟೇ ಬ್ರೇಕು, ಕ್ಲಚ್ಚು ಹೇಳಿದ ಮಾತು ಕೇಳುತ್ತವೆ ಎಂದು ಅವರ ನಂಬಿಕೆ. ಬಿಟ್ಟ ಚಪ್ಪಲಿಯನ್ನು ಎತ್ತಿ ಒಳಗಿಟ್ಟುಕೊಳ್ಳುವುದು ಮಾತ್ರ ನೆನಪಿರುತ್ತಿರಲಿಲ್ಲ. ತಿಕೋಟಾದ ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಮೂಲೆಯಲ್ಲಿ ಅವರದೊಂದು ಜೋಡು ಸದಾ ಬಿದ್ದಿರುತ್ತಿತ್ತು. "ಅವು ನೀಲವ್ವಾರ ಚಪ್ಲಿ, ಮುಟ್ಟಬ್ಯಾಡ್ರಿ. ಸಂಜಿಗೆ ತಿರುಗಿ ಬರತಾರ" ಎಂದು ಅಂಗಡಿಯವನು ಗಿರಾಕಿಗಳಿಗೆ ಹೇಳುತ್ತಿದ್ದ. ಎಪ್ಪತ್ತರ ದಶಕದಲ್ಲಿ, ಇಳಕಲ್ ಸೀರೆಯ ಸೆರಗನ್ನು ತಲೆತುಂಬ ಹೊದ್ದು, ಐವತ್ತರ ಹತ್ತಿರದ ಹೆಂಗಸೊಬ್ಬಳು ಬಿಜಾಪುರದ ರಸ್ತೆಯಲ್ಲಿ ಕಾರು ಹೊಡೆಯುತ್ತಿದ್ದಳೆಂದರೆ ಈಗಿನವರು ನಂಬಲಿಕ್ಕಿಲ್ಲ. ನಾನು ಪಕ್ಕದಲ್ಲೇ ಕೂತಿರುತ್ತಿದ್ದೆ, ಕಣ್ಣು ಮುಚ್ಚಿಕೊಂಡು.

ನಾನು ಬಿಜಾಪುರದಲ್ಲಿ ಮ್ಯಾಟ್ರಿಕ್ ಮುಗಿಸಿ ಬಿಜ್ಜರಗಿಯ ಆ ಮನೆಗೆ ಸೊಸೆಯಾಗಿ ಹೋದ ಮರುವರ್ಷ ದ್ರಾಕ್ಷಿ ಕೈ ಹಿಡಿಯಿತು. ಮಾವ ಬಿಜಾಪುರಕ್ಕೆ ಹೋಗಿ, ಒಬ್ಬರ ಕೈಯಲ್ಲಿ ಓಡಿದ್ದ ಕರಿ ಕಾರೊಂದನ್ನು ತಂದರು. ತಂದದ್ದಷ್ಟೇ, ಅದರ ಸ್ಟೇರಿಂಗನ್ನು ಒಂದು ದಿನವೂ ಮುಟ್ಟಲಿಲ್ಲ. ಅವರು ಹೊಲದಲ್ಲಿ ಎತ್ತಿನ ಜೊತೆ ಆಡುವಷ್ಟು ಮಾತನ್ನೂ ಮನೆಯಲ್ಲಿ ಆಡುತ್ತಿರಲಿಲ್ಲ. ಮಾತೆಲ್ಲ ಅತ್ತೆಯವರದು. ಕಾರು ಕೊಟ್ಟವನು "ಕಂಪನಿಯವರ ಪುಸ್ತಕದಾಗ ಬರದೈತ್ರಿ, ಲೀಟರಿಗೆ ಹದಿನಾಕು ಕಿಲೋಮೀಟರ್" ಎಂದಿದ್ದ. ನಮ್ಮ ಕಡೆ ಇದಕ್ಕೆ ಎವರೇಜು ಎನ್ನುತ್ತಾರೆ. ಅತ್ತೆಗೆ ಓದು ಬರುತ್ತಿರಲಿಲ್ಲ; ಆದರೆ ಅಚ್ಚಾದ ಅಕ್ಷರ ಸುಳ್ಳು ಹೇಳುವುದಿಲ್ಲ ಎಂದು ಗಟ್ಟಿಯಾಗಿ ನಂಬಿದ್ದರು. ಹದಿನಾಲ್ಕು ಎಂದರೆ ಹದಿನಾಲ್ಕೇ.

ಕಾರು ಹೊಡೆಯಲು ಸಾರವಾಡದ ಯಲ್ಲಪ್ಪ ಬಂದ. ಮಿತಭಾಷಿ, ಖಾಕಿ ಅಂಗಿಯ ಮನುಷ್ಯ. ಅತ್ತೆ ಅವನ ಪಕ್ಕದ ಸೀಟಿನಲ್ಲಿ ಕೂತು ದಾರಿಗುಂಟ ಆಡಳಿತ ನಡೆಸುತ್ತಿದ್ದರು. ಕೈ ಮಾಡಿದವರನ್ನೆಲ್ಲ ಹತ್ತಿಸಿಕೊಳ್ಳಬೇಕು. ಬಸುರಿ ಹೆಂಗಸು, ಜೋಳದ ಚೀಲ, ತವರಿಗೆ ಹೊರಟ ತಾಯಿ ಮಗಳು, ಒಮ್ಮೆ ಕಾಲು ಮುರಿದ ಆಡು ಕೂಡ. ಯಾರಾದರೂ ಪರಿಚಯದವರು ಕಂಡರೆ ಕಾರು ನಿಲ್ಲಬೇಕು; ಎಂಜಿನ್ ಗುರುಗುಟ್ಟುತ್ತಿರುವಂತೆಯೇ ಕಿಟಕಿಯಿಂದ ಅವರ ಮನೆಯ ಎಲ್ಲರ ಯೋಗಕ್ಷೇಮ ವಿಚಾರಿಸಬೇಕು. ಅತ್ತೆಯ ಎಲೆಯಡಿಕೆಯ ಸಂಚಿ ಎದುರಿನ ಫಲಕದ ಒಂದು ಗುಂಡಿಗೆ ತೂಗುಬಿದ್ದಿರುತ್ತಿತ್ತು. ಯಲ್ಲಪ್ಪ ಒಂದೆರಡು ಸಲ "ಅವ್ವಾರ, ಅದಕ್ಕ ತೂಗ ಹಾಕಬ್ಯಾಡ್ರಿ" ಎಂದ. "ನನ್ನ ಗಾಡ್ಯಾಗ ನನ್ನ ಸಂಚಿಗೆ ಜಾಗ ಇಲ್ಲೇನು?" ಎಂದರು ಅತ್ತೆ. ಅವನು ಮತ್ತೆ ಆ ಮಾತೆತ್ತಲಿಲ್ಲ.

ಪೆಟ್ರೋಲಿನ ಬೆಲೆ ಒಮ್ಮಿಂದೊಮ್ಮೆಲೇ ಏರಿದ ವರ್ಷ ಅತ್ತೆಗೆ ಎವರೇಜು ನೆನಪಾಯಿತು. ಟ್ಯಾಂಕು ಬಾಯಿವರೆಗೆ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ, ನನ್ನಿಂದ ಲೆಕ್ಕ ಹಾಕಿಸಿದರು. ಒಂಬತ್ತು ಬಂತು. ನಾನು ಮತ್ತೊಮ್ಮೆ ಭಾಗಿಸಿದೆ. ಆಗಲೂ ಒಂಬತ್ತೇ.

ಮರುದಿನ ಮುಂಜಾನೆ, ದ್ರಾಕ್ಷಿ ತೋಟದ ಆಳುಗಳೆಲ್ಲ ಅಂಗಳದಲ್ಲಿ ನೆರೆದಿದ್ದಾಗ ಅತ್ತೆ ಯಲ್ಲಪ್ಪನನ್ನು ಕರೆದರು.

"ಹದಿನಾಕು ಕೊಡೋ ಗಾಡಿ ಒಂಬತ್ತು ಕೊಡಾಕತ್ತೈತಿ. ಉಳದ ಐದು ಎಲ್ಲಿ ಹೋತು, ಯಲ್ಲಪ್ಪಾ?"

"ಗಾಡಿನ ಕುಡದೈತ್ರಿ, ಅವ್ವಾರ."

"ಗಾಡಿ ಕುಡದೈತೋ, ನೀ ಯಾರ ಡಬ್ಬ್ಯಾಗ ಸುರುವಿಯೋ?"

ಯಲ್ಲಪ್ಪ ಕಾರಿನ ಕೀಲಿಯನ್ನು ಕಟ್ಟೆಯ ಮೇಲಿಟ್ಟು, "ಇನ್ನ ನಾ ಬರೂದಿಲ್ರಿ" ಎಂದಷ್ಟೇ ಹೇಳಿ ಬಸ್ಸಿನ ದಾರಿ ಹಿಡಿದ. ಅವನು ಊರು ಮುಟ್ಟುವ ಮೊದಲೇ ಮಾತು ಮುಟ್ಟಿತ್ತು. ಬಬಲೇಶ್ವರದ ಗೌಡರೊಬ್ಬರು ಟ್ರ್ಯಾಕ್ಟರ್ ಹೊಡೆಯಲು ಅವನನ್ನು ಕೇಳಿದ್ದರಂತೆ. ಕಳವಿನ ಸುದ್ದಿ ಕೇಳಿ ಬೇಡವೆಂದರಂತೆ. ಅತ್ತೆಗೆ ಇದು ತಿಳಿದಾಗ "ಹಂಗ ಆಗಬೇಕು" ಎಂದರು. ಅವತ್ತು ರಾತ್ರಿ ಊಟಕ್ಕೆ ಕೂತವರು ಅರ್ಧ ರೊಟ್ಟಿ ಬಿಟ್ಟು ಎದ್ದದ್ದನ್ನು ನಾನು ನೋಡಿದೆ.

ಬೇರೆ ಡ್ರೈವರನ್ನು ಇಡಲು ಅವರು ಒಪ್ಪಲಿಲ್ಲ. "ಇವ ಹೋದ, ಇನ್ನೊಬ್ಬ ಬರತಾನ, ಅವನೂ ಹಂಗ ಮಾಡ್ತಾನ. ನಾನ ಹೊಡೀತೀನಿ" ಎಂದರು. ಮಾವ ಊಟ ಮಾಡುತ್ತಿದ್ದವರು ಒಮ್ಮೆ ತಲೆಯೆತ್ತಿ ನೋಡಿ, ಮತ್ತೆ ಊಟ ಮುಂದುವರಿಸಿದರು. ಅದೇ ಒಪ್ಪಿಗೆ.

ಕಲಿಸಲು ಬಂದವರು ತಿಕೋಟಾದ ಮೌಲಾಸಾಬರು, ಮಿಲಿಟರಿಯಲ್ಲಿ ಟ್ರಕ್ಕು ಹೊಡೆದು ನಿವೃತ್ತರಾದವರು. ಸುಗ್ಗಿ ಮುಗಿದ ಖಾಲಿ ಹೊಲದಲ್ಲಿ ಪಾಠ.

"ಕ್ಲಚ್ ಸಾವಕಾಶ ಬಿಡ್ತಾ ಬಿಡ್ತಾ ರೇಸ್ ಕೊಡ್ರಿ, ಅವ್ವಾರ."

"ಬಿಡೂದೂ ಕೊಡೂದೂ ಎರಡೂ ಒಮ್ಮಿಗೆ ಹ್ಯಾಂಗ್ರಿ ಸಾಬ್ರ? ಒಂದು ಮುಗೀಲಿ, ಆಮ್ಯಾಲ ಇನ್ನೊಂದು."

ಕಾರು ಕಪ್ಪೆಯ ಹಾಗೆ ಜಿಗಿದು ಜೋಳದ ಕಣಿಕೆಯ ಬಣವೆಗೆ ಮೂತಿ ತೂರಿಸಿ ನಿಂತಿತು. ಸಾಬರು ಮೈಮೇಲಿನ ರವದಿ ಕೊಡವಿಕೊಳ್ಳುತ್ತ, ಎದುರಿಗೆ ತೂಗುತ್ತಿದ್ದ ಸಂಚಿಯನ್ನು ನೋಡಿದರು. "ಇದನ್ಯಾಕ ಇಲ್ಲಿ ತೂಗ ಹಾಕೀರಿ? ಇದು ಚೋಕ್ ರೀ. ಮುಂಜಾನೆ ಥಂಡಿ ಎಂಜಿನ್ನಿಗೆ ಹೆಚ್ಚಿಗಿ ಪೆಟ್ರೋಲ್ ಬಿಡೂ ಗುಂಡಿ. ದಿನಾಪೂರ್ತಿ ಎಳದ ಇಟ್ರ ಗಾಡಿ ಸುಮ್ಮನ ಕುಡೀತೈತಿ."

ಅತ್ತೆ ಸಂಚಿಯನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡರು. ಮುಖ ಸಣ್ಣದಾಯಿತು.

ಲೈಸೆನ್ಸು ಬಂತು. ಅತ್ತೆ ತಾವೇ ಕಾರು ಹೊಡೆಯತೊಡಗಿದರು. ಕೀಲಿ ಅವರ ಸೊಂಟದಲ್ಲಿ, ಪೆಟ್ರೋಲಿನ ಡಬ್ಬಿ ಅವರ ಕೋಣೆಯಲ್ಲಿ. ಯಾರೂ ಕದಿಯುವ ಹಾಗಿರಲಿಲ್ಲ. ಆಷಾಢದ ಗಾಳಿ ಶುರುವಾದ ಮೇಲೆ ಒಂದು ದಿನ ಮತ್ತೆ ನನ್ನಿಂದ ಲೆಕ್ಕ ಹಾಕಿಸಿದರು. ಚೋಕು ಒಳಗೇ ಇದ್ದರೂ ಎವರೇಜು ಒಂಬತ್ತಕ್ಕಿಂತ ತುಸು ಕಡಿಮೆ ಬಂದಿತ್ತು. ಯಲ್ಲಪ್ಪ ಕೊಟ್ಟಷ್ಟೂ ಇಲ್ಲ.

"ಈಗ ನಾ ಯಾರ್ನ ಕಳ್ಳ ಅನ್ಲೆ?" ಎಂದರು. ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಹೊಸ್ತಿಲ ಮೇಲೆ ಕೂತು, "ಸುಶೀಲಾ, ನಾಳಿ ಕಂಪನಿಯವರು ಹೊಡದಂಗ ಹೊಡದು ನೋಡೂಣು" ಎಂದರು.

ಬೆಳಿಗ್ಗೆ ಗಾಲಿಗಳಿಗೆ ಗಾಳಿ ತುಂಬಿಸಿದರು. ಮೇಲಿನ ಕ್ಯಾರಿಯರ್ ಇಳಿಸಿದರು. ಟ್ಯಾಂಕು ಬಾಯಿವರೆಗೆ ತುಂಬಿತು. ನಾವಿಬ್ಬರೇ ಹೊರಟೆವು, ಎಲ್ಲೂ ನಿಲ್ಲಬಾರದು, ಒಂದೇ ಸಮನೆ ಬಿಜಾಪುರಕ್ಕೆ. ಪಡುವಣ ಗಾಳಿ ಬೆನ್ನಿಗೆ ಬಿದ್ದು ಕಾರನ್ನು ನೂಕುತ್ತಿತ್ತು. ತಿಕೋಟಾದ ಚಹಾದಂಗಡಿಯವನು ಕೈಯೆತ್ತಿದ; ಅತ್ತೆ ನೋಡಲಿಲ್ಲ. ಮುಂದೆ ಬೇವಿನ ಮರದ ಕೆಳಗೆ ಒಬ್ಬಾಕೆ ಕೂಸನ್ನೆತ್ತಿಕೊಂಡು ನಿಂತಿದ್ದವಳು ನಮ್ಮ ಕಾರಿನ ಸದ್ದು ಗುರುತಿಸಿ, ಗಂಟು ತಲೆಯ ಮೇಲಿಟ್ಟುಕೊಂಡು ರಸ್ತೆಯ ಅಂಚಿಗೆ ಬಂದಳು. ಅತ್ತೆಯ ಕಾಲು ಬ್ರೇಕಿನ ಮೇಲೆ ಹೋಗಿ ತಿರುಗಿ ಬಂತು. ಕಾರು ದಾಟಿಹೋಯಿತು.

"ನನ್ನ ಬೈಯ್ಯಾಕತ್ತಾಳ ಬೇ ಆಕಿ" ಎಂದರು ಕನ್ನಡಿಯಲ್ಲಿ ನೋಡುತ್ತ.

"ಬೈದಿಲ್ರಿ ಅತ್ತ್ಯಾರ, ಸುಮ್ನ ನೋಡಾಕತ್ತಾಳ."

"ಅದು ಇನ್ನೂ ಕೆಟ್ಟ" ಎಂದರು.

ಬಿಜಾಪುರದ ಪಂಪಿನಲ್ಲಿ ಮತ್ತೆ ಬಾಯಿವರೆಗೆ ತುಂಬಿಸಿ ಲೆಕ್ಕ ಹಾಕಿದೆ. ಹನ್ನೆರಡು ದಾಟಿ ಸ್ವಲ್ಪ. ಗಾಳಿ ಬೆನ್ನಿಗಿದ್ದೂ ಹದಿನಾಲ್ಕು ಬಂದಿರಲಿಲ್ಲ. ಅತ್ತೆ ಬಾನೆಟ್ಟಿಗೆ ಒರಗಿ ನಿಂತು ಎಲೆಗೆ ಸುಣ್ಣ ಸವರಿದರು.

"ಕಂಪನಿಯವ ಒಬ್ಬನ ಕುಂತು ಹೊಡದಿರಬೇಕು. ಅವನ ದಾರ್ಯಾಗ ಗಾಳಿ ಇಲ್ಲ, ಎಮ್ಮಿ ಇಲ್ಲ, ತಗ್ಗಿಲ್ಲ. ಗುರ್ತಿನ ಮಂದಿ ಒಬ್ರೂ ಇಲ್ಲ. ಅವ ಎಲ್ಲಿ ನಿಲ್ಲಬೇಕು? ಯಾರ್ನ ಹತ್ತಿಸ್ಕೊಬೇಕು? ಅಂಥಾ ದಾರ್ಯಾಗ ಹೊಡದ್ರ ಹದಿನಾಕು ಬರತೈತಿ. ಅವ ಸುಳ್ಳು ಹೇಳಿಲ್ಲ. ಆದ್ರ ಅವ ಬಿಜ್ಜರಗಿಗೆ ಬಂದಿಲ್ಲ." ಎಲೆ ಬಾಯಿಗಿಟ್ಟುಕೊಂಡರು. "ಯಲ್ಲಪ್ಪನೂ ಕದ್ದಿಲ್ಲ. ಗಾಡಿ ಹತ್ತು, ಸಾರವಾಡಕ್ಕ ಹೋಗೂಣು."

"ಇನ್ನೊಂದಿನ ಹೋಗೂಣ್ರಿ" ಎಂದೆ.

"ಇನ್ನೊಂದಿನಾ ಅಂದ್ರ ನನಗ ಧೈರ್ಯ ಸಾಲೂದಿಲ್ಲ."

ಸಾರವಾಡದಲ್ಲಿ ಯಲ್ಲಪ್ಪನ ಮನೆ ಒಂದು ಇಕ್ಕಟ್ಟಾದ ಓಣಿಯ ತುದಿಗೆ. ಅತ್ತೆ ಕಾರನ್ನು ಸೀದಾ ಓಣಿಯೊಳಗೆ ನುಗ್ಗಿಸಿದರು. ಮಂದಿ ಕೂಡಿದರು. ಯಲ್ಲಪ್ಪ ಹೊರಗೆ ಬಂದು, ಸ್ಟೇರಿಂಗಿನ ಹಿಂದೆ ಕೂತವರನ್ನು ನೋಡಿ ಬಾಗಿಲಲ್ಲೇ ನಿಂತ. ಅತ್ತೆ ಬರಿಗಾಲಲ್ಲೇ ಇಳಿದರು.

"ಯಲ್ಲಪ್ಪಾ, ನಿನಗ ಕಳ್ಳ ಅಂದಿದ್ನಿ. ನೀ ಕದ್ದಿದ್ದಿಲ್ಲ. ನನ್ನ ತಪ್ಪು."

"ಬಿಡ್ರಿ ಅವ್ವಾರ. ಒಳಗ ಬರ್ರಿ."

"ಒಳಗ ಆಮ್ಯಾಲ ಬರತೀನಿ. ಮಂದಿ ಮುಂದ ಅಂದೇನಿ, ಮಂದಿ ಮುಂದ ಹೇಳಬೇಕು." ಕೂಡಿದ್ದವರ ಕಡೆ ತಿರುಗಿ ಅದನ್ನೇ ಇನ್ನೊಮ್ಮೆ, ಇನ್ನೂ ದೊಡ್ಡ ದನಿಯಲ್ಲಿ ಹೇಳಿದರು.

ಯಲ್ಲಪ್ಪ ನೆಲ ನೋಡುತ್ತ ನಿಂತಿದ್ದ. ಅವನ ತಾಯಿ ಚಹಾ ತಂದಳು. ಕುಡಿದೆವು. ಕೊನೆಗೆ ಅತ್ತೆ ಕಾರಿನೊಳಗೆ ಕೂತು, ಗೇರನ್ನು ಅತ್ತ ಎಳೆದು ಇತ್ತ ನೂಕಿ, ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಯಲ್ಲಪ್ಪಾ, ಹಿಂದಕ್ಕ ಹೊಡೆಯೂದು ಸಾಬ್ರು ಇನ್ನೂ ಕಲಿಸಿಲ್ಲೋ."

ಓಣಿಯೆಲ್ಲ ನಕ್ಕಿತು. ಯಲ್ಲಪ್ಪನೂ ನಕ್ಕ, ತಡೆದುಕೊಳ್ಳಲು ನೋಡಿ ಸೋತು ನಕ್ಕ. "ಸರೀರಿ" ಎಂದು ಕೂತು, ಎರಡೂ ಕಡೆ ಗೋಡೆಗೆ ಕೂದಲೆಳೆಯಷ್ಟು ಜಾಗ ಬಿಟ್ಟು ಕಾರನ್ನು ಹಿಂದಕ್ಕೆ ತೆಗೆದ. ಅತ್ತೆ ಅವನನ್ನು ಇಳಿಯಗೊಡಲಿಲ್ಲ. ಅಲ್ಲಿಂದಲೇ ಬಬಲೇಶ್ವರಕ್ಕೆ ಕರೆದೊಯ್ದು ಗೌಡರ ಮುಂದೆ ನಿಂತು ಎಲ್ಲ ಹೇಳಿದರು. ಅವನಿಗೆ ಟ್ರ್ಯಾಕ್ಟರಿನ ಕೆಲಸ ಸಿಕ್ಕಿತು. ನಮ್ಮ ಮನೆಗೆ ತಿರುಗಿ ಬಾ ಎಂದು ಅತ್ತೆ ಕೇಳಿದಾಗ ಮಾತ್ರ, "ಬ್ಯಾಡ್ರಿ. ಈಗ ನೀವ ಛಲೋ ಹೊಡೀತೀರಿ" ಎಂದ. ಅವನ ಮನಸ್ಸಿನಲ್ಲಿ ಆ ಅಂಗಳ ಇನ್ನೂ ಇತ್ತೆಂದು ನನಗನಿಸಿತು. ಅತ್ತೆಗೂ ಅನಿಸಿರಬೇಕು, ಒತ್ತಾಯ ಮಾಡಲಿಲ್ಲ.

ಬರುವಾಗ ಗಾಳಿ ಎದುರಿಗೆ ಬಂತು. ಕಾರಿನ ತುಂಬ ಮಂದಿ. ಎವರೇಜಿನ ಲೆಕ್ಕವನ್ನು ಅವರು ಮತ್ತೆಂದೂ ನನ್ನಿಂದ ಹಾಕಿಸಲಿಲ್ಲ.

ದಶಕದ ಕೊನೆಗೆ ನಮ್ಮವರಿಗೆ ಬಿಜಾಪುರದಲ್ಲಿ ನೌಕರಿಯಾಗಿ ನಾವು ಅಥಣಿ ರಸ್ತೆಯಲ್ಲಿ ಮನೆ ಮಾಡಿದೆವು. ನನ್ನ ಮಗಳು ಹುಟ್ಟಿ ಕೆಲವು ತಿಂಗಳಾದ ಮೇಲೆ ಅತ್ತೆ ಕಾರು ಹೊಡೆದುಕೊಂಡು ಬಂದು ಒಂದು ವಾರ ಇದ್ದರು. ಮೊದಲ ದಿನವೇ ಕೂಸನ್ನು ನಮ್ಮವರ ಕೈಗೆ ಕೊಟ್ಟು, ನನ್ನನ್ನು ಸ್ಟೇರಿಂಗಿನ ಹಿಂದೆ ಕೂರಿಸಿದರು. ಆಗ ಅಲ್ಲಿ ಮನೆಗಳಿಗಿಂತ ಬಯಲೇ ಹೆಚ್ಚು.

"ನನಗ ಅಂಜಿಕಿ ಬರತೈತ್ರಿ, ಅತ್ತ್ಯಾರ."

"ನನಗೂ ಬರತಿತ್ತು. ಇನ್ನೂ ಬರತೈತಿ. ಹೊಡಿ."

ದಿನವೂ ಸಂಜೆ ಬಯಲಲ್ಲಿ ಸುತ್ತಿದೆವು. ಕೊನೆಯ ದಿನ ನಾನು ರಸ್ತೆಗೆ ಹೊಡೆದೆ. ಅತ್ತೆ ಪಕ್ಕದಲ್ಲಿ ಒಂದೂ ಮಾತಾಡದೆ ಕೂತಿದ್ದರು. ಊರಿಗೆ ಹೊರಟಾಗ "ಗಾಡಿ ಇಲ್ಲೇ ಇರಲಿ, ನಿನ್ನ ಕೈ ಕುಂದ್ರಲಿ" ಎಂದು ಕೀಲಿ ಕೊಟ್ಟು ಬಸ್ಸು ಹತ್ತಿದರು. ಕಿಟಕಿಯಿಂದ ಕೈ ಬೀಸಿದರು. ಅದೇ ಕೊನೆ.

ಹದಿನೈದು ದಿನವೂ ಆಗಿರಲಿಲ್ಲ, ಮೊದಲ ಬಸ್ಸಿಗೆ ಊರಿನವನೊಬ್ಬ ಸುದ್ದಿ ತಂದ. ಮಲಗಿದಲ್ಲೇ ಹೋಗಿದ್ದರು. ನಮ್ಮವರಿಗೆ ಕಾರು ಹೊಡೆಯಲು ಬರುತ್ತಿರಲಿಲ್ಲ. ಕೂಸು ಅವರ ತೊಡೆಯ ಮೇಲೆ, ಸ್ಟೇರಿಂಗು ನನ್ನ ಕೈಯಲ್ಲಿ. ಬಿಜ್ಜರಗಿ ಮುಟ್ಟುವವರೆಗೆ ನಾನು ಅಳಲಿಲ್ಲ. ಅತ್ತರೆ ದಾರಿ ಕಾಣುತ್ತಿರಲಿಲ್ಲ.

ಅಂಗಳದಲ್ಲಿ ಕಾರು ನಿಂತಾಗ ಮಾವ ಎದ್ದು ಬಂದು ನನ್ನ ಕಡೆಯ ಬಾಗಿಲು ತೆಗೆದರು.

"ನೀನ ಹೊಡಕೊಂಡು ಬಂದ್ಯೇನು?"

"ಹೂನ್ರಿ."

"ಬಸ್ ಇಳದು ಬಂದಾಕಿ ಮೊದಲ ಅದನ್ನ ಹೇಳಿದ್ಳು, ಸುಶೀಲಾ ಹೊಡೀತಾಳಂತ. ನಾ ನಂಬಲಿಲ್ಲ." ಅಷ್ಟು ಉದ್ದದ ಮಾತನ್ನು ಅವರು ನನ್ನ ಮುಂದೆ ಆಡಿದ್ದು ಅದೇ ಮೊದಲು. ಕಣ್ಣೊರೆಸಿಕೊಂಡರು. "ಒಳಗ ಹೋಗು. ಆಕಿಗೆ ಹೇಳು."

ನಾನು ಒಳಗೆ ಹೋಗಿ ಅತ್ತೆಯ ತಲೆಯ ಹತ್ತಿರ ಕೂತು ಹೇಳಿದೆ.