ಅತ್ತೆಯ ಎದೆಯೊಳಗಿನ ಕಾವಲು

ಗುಂಡ್ಲುಪೇಟೆಯ ಕಾಲೇಜಿನಲ್ಲಿ ನಾನು ಜೀವಶಾಸ್ತ್ರ ಪಾಠ ಮಾಡುತ್ತಿದ್ದೆ. ರೋಗನಿರೋಧಕ ಶಕ್ತಿಯ ಅಧ್ಯಾಯವನ್ನು ನಿದ್ದೆಗಣ್ಣಲ್ಲೂ ಒಪ್ಪಿಸಬಲ್ಲೆ ಎಂಬ ಜಂಬ ಬೇರೆ. ಆ ಜಂಬ ಇಳಿದದ್ದು ಹಂದಿಜ್ವರ ಬಂದ 2009ರಲ್ಲಿ, ನನ್ನ ಗಂಡನ ತಾಯಿ, ನಮ್ಮತ್ತೆಯ ಮುಂದೆ.

ಮಳೆಗಾಲದಲ್ಲಿ ಮೊದಲು ಮಲಗಿದ್ದು ಅತ್ತೆಯೇ. ಭೀಮನಬೀಡಿನ ಹೊಲದಲ್ಲಿ ದಿನವಿಡೀ ಕಳೆ ಕೀಳುತ್ತಿದ್ದ ಗಟ್ಟಿ ಜೀವ, ಚಾಮರಾಜನಗರದ ಆಸ್ಪತ್ರೆಯಲ್ಲಿ ಒಂಬತ್ತು ದಿನ ಆಮ್ಲಜನಕದ ಮಾಸ್ಕ್ ಹಾಕಿಕೊಂಡು ಏದುಸಿರು ಬಿಟ್ಟಿತು. ನಮ್ಮ ಮನೆಗೆ ಕರೆತಂದ ಮೇಲೂ ಒಂದು ಸೀನು ಬಂದರೆ ಸಾಕು, "ಮತ್ತೆ ಬಂದ್ಬುಡ್ತಾ ಮಗ?" ಎಂದು ನನ್ನ ಮುಖ ನೋಡುವರು.

ಸಮಾಧಾನಕ್ಕೆಂದು ನಾನು ಪಾಠ ಹೇಳಿದೆ. ವೈರಸ್ಸಿನ ಜೊತೆ ಹೋರಾಡಿದ ಬಿಳಿ ಕಣಗಳಲ್ಲಿ ಬಹುಪಾಲು ಸಾಯುತ್ತವೆ, ಆದರೆ ಒಂದಷ್ಟು ಶ್ವಾಸಕೋಶದಲ್ಲೇ ಕಾವಲಿಗೆ ಬೀಡುಬಿಡುತ್ತವೆ. ಅದೇ ವೈರಸ್ ಮತ್ತೆ ಬಂದರೆ ಗುರುತು ಹಿಡಿದು ತಕ್ಷಣ ಮೇಲೆ ಬೀಳುತ್ತವೆ ಎಂದೆ. ಅತ್ತೆ ಬಿಟ್ಟ ಬಾಯಿ ಮುಚ್ಚಲಿಲ್ಲ.

"ಅಬ್ಬಬ್ಬಾ! ಕಣ್ಗೂ ಕಾಣ್ದವು ಇಷ್ಟೊಂದ್ ನೆಪ್ಪು ಮಡಿಕತವಾ?"

ಡಿಸೆಂಬರಿನಲ್ಲಿ ಅದೇ ಜ್ವರ ನನಗೆ ಬಂತು. ನಾನಾಗ ಏಳು ತಿಂಗಳ ಬಸುರಿ. ನನ್ನ ಗಂಡನೂ ಮೈ ಸುಡುತ್ತ ಪಕ್ಕದ ಕೋಣೆಯಲ್ಲಿ ಮಲಗಿದ್ದರು. ಡಾಕ್ಟರು ಮಾತ್ರೆ ಕೊಟ್ಟು, ಉಸಿರು ಕಟ್ಟಿದರೆ ತಡಮಾಡದೆ ಬನ್ನಿ ಎಂದಿದ್ದರು. ನೋಡಿಕೊಳ್ಳಲು ಇದ್ದವರು ಅತ್ತೆ ಒಬ್ಬರೇ. ಗಂಜಿ ಹಿಡಿದು ಬಾಗಿಲಿಗೆ ಬಂದವರನ್ನು ಕಂಡು ಕಿರುಚಿಕೊಂಡೆ.

"ಒಳಗೆ ಕಾಲಿಟ್ರೆ ನೋಡಿ ಅತ್ತೆ! ಹೋದ ಸಲ ಬದುಕಿದ್ದೇ ಹೆಚ್ಚು!"

"ಸುಮ್ಕಿರವ್ವ. ಎದೇಲಿ ಕಾವ್ಲು ಕೂತದೆ ಅಂತ ನೀನೇ ತಾನೆ ಯೋಳಿದ್ದು?"

ಹೇಳಿದ್ದೇನೋ ನಿಜ, ಆದರೆ ಅರ್ಧ ಮುಚ್ಚಿಟ್ಟಿದ್ದೆ. ತಿಂಗಳು ಕಳೆದಂತೆ ಆ ಕಣಗಳು ಕಮ್ಮಿಯಾಗುತ್ತವೆ. ಅರವತ್ತು ದಾಟಿದ ಈ ಎದೆಯಲ್ಲಿ ಎಷ್ಟು ಉಳಿದಿವೆಯೋ ಯಾವ ಮೇಷ್ಟ್ರಿಗೂ ಗೊತ್ತಿಲ್ಲ. ಅದನ್ನೂ ಹೇಳಿದೆ.

"ಎಲ್ಲಾ ಓಗಿರಾಕಿಲ್ಲ ಬುಡು," ಎಂದು ಒಳಗೆ ಬಂದೇಬಿಟ್ಟರು.

ಐದು ದಿನ ಹಣೆಗೆ ಒದ್ದೆ ಬಟ್ಟೆ ಹಾಕಿದರು, ಬೆನ್ನು ನೀವಿದರು. ನಾನು ಅವರ ಮುಖದ ಮೇಲೇ ಕೆಮ್ಮಿದೆ. ನಾನು ಕಲಿಸಿದ ಪಾಠದ ಮೇಲೆ ನನಗೇ ನಂಬಿಕೆ ಇರಲಿಲ್ಲ, ಅವರು ಅದರ ಮೇಲೆ ಪ್ರಾಣ ಇಟ್ಟಿದ್ದರು. ಇವರಿಗೇನಾದರೂ ಆದರೆ ಕೊಂದವಳು ನಾನೇ ಎಂದುಕೊಳ್ಳುತ್ತಿದ್ದೆ. ದಿನಾ ಬೆಳಿಗ್ಗೆ ಅವರನ್ನು ಹಾಸಿಗೆಯ ಅಂಚಿನಲ್ಲಿ ಕೂರಿಸಿ ಬೆನ್ನಿಗೆ ಕಿವಿ ಇಡುತ್ತಿದ್ದೆ. ಗೊರಗೊರ ಇಲ್ಲ, ಸಿಳ್ಳೆ ಇಲ್ಲ, ಉಸಿರು ನಿರಾಳವಾಗಿ ಹೋಗಿ ಬರುತ್ತಿತ್ತು. ನಾನು ವರ್ಷಗಟ್ಟಲೆ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಕಣಗಳೆಂದು ಸೊನ್ನೆ ಸುತ್ತಿ ತೋರಿಸಿದ್ದು ಇಲ್ಲಿ, ಈ ಸವೆದ ರವಿಕೆಯ ಹಿಂದೆ, ಸದ್ದಿಲ್ಲದೆ ನಡೆಯುತ್ತಿತ್ತು. ದೇವರೇ, ಎಂಥ ಸೃಷ್ಟಿ ಎನಿಸಿತು.

ನನ್ನ ಜ್ವರ ಬಿಟ್ಟಿತು, ಗಂಡನದೂ ಬಿಟ್ಟಿತು. ಹೊಟ್ಟೆಯಲ್ಲಿ ಮಗು ಒದೆಯುತ್ತಿತ್ತು. ಮತ್ತೂ ಒಂದು ವಾರ ಕಾದೆ, ಅತ್ತೆಗೆ ಒಂದು ಕೆಮ್ಮೂ ಬರಲಿಲ್ಲ.

"ನಿಮ್ಗೆ ಒಂಚೂರೂ ಹೆದರಿಕೆ ಆಗ್ಲಿಲ್ವಾ ಅತ್ತೆ?" ಎಂದು ಕೇಳಿದೆ.

"ಆಗ್ದೆ ಇದ್ದದಾ? ಒಳಿಕ್ಕೆ ಬರೋ ಮೊದ್ಲು ದಿನಾ ಬಾಗ್ಲಾಚೆ ನಿಂತ್ಕೊಂಡು, ಕಾಲ್ ನಡುಕ ನಿಲ್ಲೋಗಂಟ ಕಾಯ್ತಿದ್ದೆ ಕಣವ್ವ."